ಎಪ್ಪತ್ತಾರು ಮೇಷ್ಟ್ರು

ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ದಡ್ಡರು ಎಂದು ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ತೀರ್ಮಾನ ಮಾಡಿಬಿಟ್ಟೆ. ಆಮೇಲೆ ಎಷ್ಟೋ ವರ್ಷ ಆ ತೀರ್ಮಾನವನ್ನು ಬದಲಾಯಿಸುವ ತೊಂದರೆಯನ್ನು ಅವರು ನನಗೆ ಕೊಡಲಿಲ್ಲ. ನಾನು ರಸಾಯನಶಾಸ್ತ್ರ ಹೇಳಿಕೊಡುವವಳು. ನನ್ನ ಲ್ಯಾಬಿಗೂ ಅವರ ಲ್ಯಾಬಿಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಉಬ್ಬಿಹೋಗಿ ಮುಚ್ಚಲು ಬಾರದ ಒಂದು ಬಾಗಿಲು. ಹಾಗಾಗಿ ಅವರು ಕೆಮ್ಮಿದರೂ ನನಗೆ ಕೇಳಿಸುತ್ತಿತ್ತು. ಪಾಠವಂತೂ ಬೇಡವೆಂದರೂ ಕಿವಿಗೆ ಬಂದು ಬೀಳುತ್ತಿತ್ತು.

ಪಾಠ ಎಂದೆನಲ್ಲ, ಅದು ಪಾಠವಲ್ಲ, ಉಕ್ತಲೇಖನ. “ಆದರ್ಶ ಅನಿಲದ ಅಣುಗಳಿಗೆ ಗಾತ್ರವಿಲ್ಲ, ಅಲ್ಪವಿರಾಮ, ಅವುಗಳ ನಡುವೆ ಆಕರ್ಷಣೆಯಿಲ್ಲ, ಪೂರ್ಣವಿರಾಮ.” ಅಂಥ ಅನಿಲ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ, ಪರೀಕ್ಷೆಯಲ್ಲಿ ಸಿಗುತ್ತದೆ, ಕೂತ್ಕೋ ಎನ್ನುತ್ತಿದ್ದರು. ಈ ಹಾಸ್ಯವನ್ನು ವರ್ಷವರ್ಷವೂ ಹೇಳಿ, ವರ್ಷವರ್ಷವೂ ತಾವೇ ಮೊದಲು ನಗುತ್ತಿದ್ದರು. ಲೆಕ್ಕ ಮಾಡುವಾಗ ಸೆಲ್ಸಿಯಸ್ಸಿಗೆ ಇನ್ನೂರ ಎಪ್ಪತ್ಮೂರು ಕೂಡಿಸಲು ಮರೆತವರನ್ನು ಮಾತ್ರ ಅವರು ಕ್ಷಮಿಸುತ್ತಿರಲಿಲ್ಲ. ಅನಿಲದ ವಿಷಯದಲ್ಲಿ ಉಷ್ಣತೆಯನ್ನು ನಿಜವಾದ ಸೊನ್ನೆಯಿಂದಲೇ ಎಣಿಸಬೇಕು ಎಂದು ಮೇಜು ಕುಟ್ಟುತ್ತಿದ್ದರು. ಉಷ್ಣತೆಗೆ ನಿಜವಾದ ಸೊನ್ನೆ ಬೇಕು ಎನ್ನುವ ಈ ಮಹಾನುಭಾವರು ಒತ್ತಡಕ್ಕೆ ಮಾತ್ರ ಬೇರೆ ಊರಿನ ಗಾಳಿಯನ್ನು ಸಾಲ ತಂದುಕೊಂಡಿದ್ದರು. ಅದರ ಕಥೆಯೇ ಇದು.

ನಮ್ಮೂರು ಎತ್ತರದಲ್ಲಿದೆ. ಕೆಳಗಿನಿಂದ ಬಸ್ಸು ತಿರುಗಿ ತಿರುಗಿ ಹತ್ತುವಾಗ ಕಿವಿ ಕಟ್ಟಿಕೊಳ್ಳುತ್ತದೆ. ಕೆಳಗೆ ಗಾಳಿ ತುಂಬಿ ಅಂಟಿಸಿದ ಬಿಸ್ಕತ್ತಿನ ಪೊಟ್ಟಣ ನಮ್ಮ ಅಂಗಡಿಗೆ ಬರುವಾಗ ಪುಟ್ಟ ದಿಂಬಿನಂತೆ ಊದಿಕೊಂಡಿರುತ್ತದೆ. ಹೊರಗಿನ ಗಾಳಿಯ ಒತ್ತಡ ಇಲ್ಲಿ ಕಡಿಮೆ, ಒಳಗಿನ ಗಾಳಿ ಹಿಗ್ಗುತ್ತದೆ, ಅಷ್ಟೆ. ಇದು ಅವರೇ ಬರೆಸುವ ನೋಟ್ಸಿನ ಮೊದಲ ಪುಟದ ವಿಷಯ. ಆದರೆ ಅವರು ಅಂಗಡಿಯವನ ಮುಂದೆ ನಿಂತು, ಪೊಟ್ಟಣ ಊದಿದೆ, ಮಾಲು ಕೆಟ್ಟಿದೆ, ಬೇರೆ ಕೊಡು ಎಂದು ಜಗಳ ಕಾಯುವುದನ್ನು ನಾನೇ ನನ್ನ ಕಣ್ಣಾರೆ ನೋಡಿದ್ದೇನೆ. ಪಕ್ಕದಲ್ಲಿ ನಾಲ್ಕೈದು ವಿದ್ಯಾರ್ಥಿಗಳು ನಗು ತಡೆಯಲಾರದೆ ರಸ್ತೆ ಕಡೆ ತಿರುಗಿ ನಿಂತಿದ್ದರು. ನನಗೆ ನಾಚಿಕೆಯಾಗಿ ಏನೂ ಕೊಳ್ಳದೆ ಬಂದೆ.

ನಾನು ಸೇರುವುದಕ್ಕೆ ಮುಂಚೆ ಅವರ ಲ್ಯಾಬಿಗೆ ಒಂದು ಬ್ಯಾರೋಮೀಟರ್ ಬಂದಿತ್ತಂತೆ. ಗೋಡೆಗೆ ತೂಗುಹಾಕುವ, ಪಾದರಸದ, ಒಳ್ಳೆಯ ಹಿತ್ತಾಳೆ ಕವಚದ ಬ್ಯಾರೋಮೀಟರ್. ಪೆಟ್ಟಿಗೆ ಬಿಚ್ಚಿದ ಅಟೆಂಡರ್ ನನಗೆ ಹೇಳಿದ್ದು ಇದು: ತೂಗುಹಾಕಿದಾಗ ಪಾದರಸ ಅರವತ್ತೆಂಟು ಸೆಂಟಿಮೀಟರಿಗೆ ಬಂದು ನಿಂತಿತು. ಪುಸ್ತಕದಲ್ಲಿ ವಾತಾವರಣದ ಒತ್ತಡ ಎಪ್ಪತ್ತಾರು ಎಂದಿದೆ. ಪುಸ್ತಕ ಬರೆದವನು ಸಮುದ್ರಮಟ್ಟದ ಮಾತು ಆಡುತ್ತಿದ್ದಾನೆ, ನಾವು ಅಲ್ಲಿಲ್ಲ ಎಂದು ಹೊಳೆಯಲು ದೊಡ್ಡ ಬುದ್ಧಿಯೇನೂ ಬೇಡ. ನಮ್ಮವರು ಮಾತ್ರ ಬ್ಯಾರೋಮೀಟರ್ ಕೆಟ್ಟಿದೆ ಎಂದರು. ಹಳೇ ಕಪ್ಪು ಪರದೆಯಲ್ಲಿ ಒಂದು ಗವಸು ಹೊಲಿಸಿ ಅದಕ್ಕೆ ತೊಡಿಸಿದರು. ಅವತ್ತಿನಿಂದ ಆ ಬಡಪಾಯಿ ಉಪಕರಣ ಮುಖ ಮುಚ್ಚಿಕೊಂಡು ನಿಜ ಹೇಳುತ್ತಾ ಗೋಡೆಯ ಮೇಲೆ ನಿಂತಿತ್ತು.

ಇದರಿಂದ ಆಗುತ್ತಿದ್ದ ಅನಾಹುತ ಏನೆಂದರೆ, ಬಾಯ್ಲ್ ನಿಯಮದ ಪ್ರಯೋಗ. ಒಂದು ಕಡೆ ತುದಿ ಮುಚ್ಚಿದ ಗಾಜಿನ ನಳಿಗೆ, ಅದರೊಳಗೆ ಒಂದಿಷ್ಟು ಒಣ ಗಾಳಿ. ಇನ್ನೊಂದು ಕಡೆ ಬಾಯಿ ತೆರೆದ ನಳಿಗೆ. ನಡುವೆ ರಬ್ಬರ್ ಕೊಳವೆ, ಕೊಳವೆ ತುಂಬ ಪಾದರಸ. ತೆರೆದ ನಳಿಗೆಯನ್ನು ಏರಿಸಿದರೆ ಗಾಳಿ ಕುಗ್ಗುತ್ತದೆ, ಇಳಿಸಿದರೆ ಹಿಗ್ಗುತ್ತದೆ. ಎರಡು ಕಡೆಯ ಪಾದರಸದ ಮಟ್ಟದ ವ್ಯತ್ಯಾಸವನ್ನು ಅಳೆದು ಅದನ್ನು ಹೊರಗಿನ ವಾತಾವರಣದ ಒತ್ತಡಕ್ಕೆ ಕೂಡಿಸಬೇಕು, ಇಲ್ಲವೇ ಕಳೆಯಬೇಕು. ಬಂದ ಒತ್ತಡವನ್ನು ಗಾಳಿಯ ಗಾತ್ರದಿಂದ ಗುಣಿಸಿದರೆ ಪ್ರತಿ ಸಲವೂ ಒಂದೇ ಸಂಖ್ಯೆ ಬರಬೇಕು. ಹೊರಗಿನ ಒತ್ತಡವನ್ನೇ ತಪ್ಪಾಗಿ ಹಾಕಿದರೆ? ಗಾಳಿ ಹಿಗ್ಗಿದಷ್ಟೂ ಗುಣಲಬ್ಧವೂ ಹಿಗ್ಗುತ್ತಾ ಹೋಗುತ್ತದೆ. ನಮ್ಮೂರಲ್ಲಿ ಎಪ್ಪತ್ತಾರು ಹಾಕಿ ಸರಿಯಾದ ಉತ್ತರ ತರುವುದು ಯಾರಪ್ಪನಿಂದಲೂ ಆಗದ ಕೆಲಸ.

ಆದರೂ ಅವರ ಲ್ಯಾಬಿನಲ್ಲಿ ಎಲ್ಲರಿಗೂ ಸರಿಯಾದ ಉತ್ತರವೇ ಬರುತ್ತಿತ್ತು. ಅದು ಹೇಗೆಂದರೆ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಒಂದು ವಿದ್ಯೆ ದಾಟಿಸುತ್ತಿದ್ದರು. ಮೊದಲು ಉತ್ತರ ಬರೆದುಕೊಳ್ಳುವುದು, ಅದರಿಂದ ಹಿಂದೆ ಹಿಂದೆ ಲೆಕ್ಕ ಹಾಕಿ ಪಾದರಸದ ಮಟ್ಟ ಎಷ್ಟಿರಬೇಕಿತ್ತೋ ಅಷ್ಟನ್ನು ಬರೆಯುವುದು. ಇದಕ್ಕೆ ಹುಡುಗರು ರೀಡಿಂಗ್ ಕುಕ್ ಮಾಡುವುದು ಎನ್ನುತ್ತಿದ್ದರು. ಉಪಕರಣದ ಮುಂದೆ ನಿಂತು ನಳಿಗೆಯನ್ನು ಮೇಲೆ ಕೆಳಗೆ ಮಾಡುವುದೆಲ್ಲ ಬರೀ ನಾಟಕ. ಮೇಷ್ಟ್ರಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ, ನಮ್ಮ ಲ್ಯಾಬಿನಷ್ಟು ಚೆನ್ನಾಗಿ ಬಾಯ್ಲ್ ನಿಯಮ ಎಲ್ಲೂ ಬರುವುದಿಲ್ಲ ಎಂದು. ಹುಡುಗರು ಅವರಿಗೆ ಎಪ್ಪತ್ತಾರು ಎಂದೇ ಹೆಸರಿಟ್ಟಿದ್ದರು. ಎಪ್ಪತ್ತಾರು ಬರ್ತಿದೆ ಎಂದು ಯಾರಾದರೂ ಪಿಸುಗುಟ್ಟಿದರೆ ಕಾರಿಡಾರು ಮೌನವಾಗುತ್ತಿತ್ತು.

ಒಮ್ಮೆ ತಡೆಯಲಾರದೆ ನಾನೇ ಹೇಳಿದೆ, ಊರು ಎತ್ತರದಲ್ಲಿದೆ, ನಿಮ್ಮ ಬ್ಯಾರೋಮೀಟರ್ ಸರಿಯಾಗಿಯೇ ಇರಬೇಕು ಎಂದು. ಅವರು ಕರವಸ್ತ್ರದಲ್ಲಿ ಪೆನ್ನಿನ ಮೂತಿ ಒರೆಸುತ್ತಾ ನನ್ನನ್ನು ನೋಡಿದರು. ಕೆಳಗೆ ಹೋಗಿ ಬಂದಾಗಲೆಲ್ಲ ಅವರ ಪೆನ್ನು ಜೇಬಿನಲ್ಲೇ ಇಂಕು ಕಕ್ಕುತ್ತಿತ್ತು.

“ಪ್ರಶ್ನೆಪತ್ರಿಕೆ ಕೆಳಗಿಂದ ಬರುತ್ತೆ ಮೇಡಂ. ಉತ್ತರಾನೂ ಕೆಳಗಿಂದೇ ಬರಬೇಕು,” ಎಂದರು.

ಇಂಥವರೊಂದಿಗೆ ವಾದ ಮಾಡಿ ಬಾಯಿ ನೋಯಿಸಿಕೊಳ್ಳುವುದು ಯಾಕೆಂದು ಸುಮ್ಮನಾದೆ.

ಅವರ ಮನೆ ಕಾಲೇಜಿನ ಹಿಂದಿನ ಬೀದಿಯಲ್ಲಿ. ಮಕ್ಕಳಿರಲಿಲ್ಲ. ಹೆಂಡತಿಗೆ ಮಂಡಿ ನೋವು. ತಂಗಿಯೊಬ್ಬಳು ಕೆಳಗಿನ ಊರಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದಳು, ಗಂಡನಿಲ್ಲ. ಆ ತಂಗಿಯ ಮಗಳನ್ನು ನಮ್ಮ ಕಾಲೇಜಿನಲ್ಲಿ ಓದಿಸುತ್ತೇನೆಂದು ಮೇಷ್ಟ್ರು ಮೇಲಕ್ಕೆ ಕರೆದುಕೊಂಡು ಬಂದರು. ಊರೆಲ್ಲ ಎಂಥ ಅಣ್ಣ ಎಂದು ಕೊಂಡಾಡಿತು. ನಾನು ಅವರ ಮನೆಗೆ ಹೋದಾಗ ನೋಡಿದ್ದೇನೆ. ಅತ್ತೆ ಕಾಲು ಚಾಚಿ ಕುರ್ಚಿಯಲ್ಲಿ, ಮಾವ ಪೇಪರಿನ ಹಿಂದೆ, ಹುಡುಗಿ ಒಲೆಯ ಮುಂದೆ. ಪುಸ್ತಕವನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿ ಇಟ್ಟುಕೊಂಡು ಓದುತ್ತಿದ್ದಳು, ಪುಟ ತಿರುಗಿಸುವ ಮುಂಚೆ ಪ್ರತಿ ಸಲ ಕೈ ಒರೆಸಿಕೊಳ್ಳುತ್ತಿದ್ದಳು. ಮಾವ ಅವಳನ್ನು ಬೈದದ್ದಿಲ್ಲ, ಹೊಡೆದದ್ದಿಲ್ಲ. ಚಿನ್ನದಂಥ ಹುಡುಗಿ ಎನ್ನುತ್ತಿದ್ದರು. ಪಾತ್ರೆ ತೊಳೆಯುವುದಕ್ಕೆ ಚಿನ್ನ ಬೇಕಿರಲಿಲ್ಲ, ಒಬ್ಬಳು ಕೆಲಸದವಳು ಸಾಕಿತ್ತು.

ಅವಳಿಗಿದ್ದ ಆಸೆ ಒಂದೇ. ಕೊನೆಯ ವರ್ಷದ ಪ್ರಾಕ್ಟಿಕಲ್‌ನಲ್ಲಿ ಒಳ್ಳೆಯ ಅಂಕ ಬಂದರೆ ಕೆಳಗಿನ ವಿಶ್ವವಿದ್ಯಾಲಯದಲ್ಲಿ ಸೀಟು, ಸೀಟಿನ ಜೊತೆ ಹಾಸ್ಟೆಲು, ಹಾಸ್ಟೆಲಿನಿಂದ ತಾಯಿಯ ಮನೆಗೆ ನಡೆದು ಹೋಗಬಹುದು. ಫೇಲಾದರೆ ಇನ್ನೊಂದು ವರ್ಷ ಮಾವನ ಒಲೆ. ಅತ್ತೆ ಆಗಲೇ, ಏನವಸರ, ಇನ್ನೊಂದು ವರ್ಷ ಇರಲಿ ಬಿಡಿ ಎನ್ನಲು ಶುರು ಮಾಡಿದ್ದಳು.

ಹುಡುಗಿ ಮಹಾ ಬುದ್ಧಿವಂತೆ ಎಂದು ನಾನೇನೂ ಹೇಳುವುದಿಲ್ಲ. ಹಟಮಾರಿ, ಅಷ್ಟೆ. ಹಿರಿಯರು ಕುಕ್ ಮಾಡುವ ವಿದ್ಯೆ ಹೇಳಿಕೊಡುವ ಕಾಲಕ್ಕೆ ಇವಳು ಸಂಜೆ ಯಾರೊಂದಿಗೂ ನಿಲ್ಲದೆ ಅಡುಗೆಗೆ ಓಡುತ್ತಿದ್ದಳು. ಹಾಗಾಗಿ ಬಾಯ್ಲ್ ಪ್ರಯೋಗವನ್ನು ನಿಜವಾಗಿಯೂ ಮಾಡಿದ ಮೊದಲ ವಿದ್ಯಾರ್ಥಿ ಇವಳೇ ಇರಬೇಕು. ಗುಣಲಬ್ಧ ಹಿಗ್ಗಿತು. ಮತ್ತೆ ಮಾಡಿದಳು, ಮತ್ತೆ ಹಿಗ್ಗಿತು. ಮಾವ ತರಗತಿಯ ಮುಂದೆ, ನಿನ್ನ ಕೈ ಸರಿಯಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರಿ ಎಂದರು. ಅವಳು ಬರೆಯಲಿಲ್ಲ. ನನ್ನ ಲ್ಯಾಬಿಗೆ ಬಂದು ಒಂದು ಸ್ಟೂಲಿನ ಮೇಲೆ ಕೂತು ಎಪ್ಪತ್ತಾರನ್ನು ಹೊಡೆದು ಎಪ್ಪತ್ತೈದು ಹಾಕಿ ಲೆಕ್ಕ ಮಾಡಿದಳು. ಆಮೇಲೆ ಎಪ್ಪತ್ನಾಲ್ಕು. ಹೀಗೇ ಇಳಿಸುತ್ತಾ ಅರವತ್ತೆಂಟಕ್ಕೆ ಬಂದಾಗ ಉದ್ದಕ್ಕೂ ಒಂದೇ ಸಂಖ್ಯೆ ನಿಂತಿತು. ಮೆಲ್ಲನೆ ಎದ್ದು ಆಚೆ ಲ್ಯಾಬಿಗೆ ಹೋಗಿ ಕಪ್ಪು ಗವಸನ್ನು ಎತ್ತಿ ನೋಡಿದಳು. ವಾಪಸು ಬಂದಾಗ ಅವಳ ಮುಖ ನೋಡಬೇಕಿತ್ತು. ನನಗೂ ಸಂತೋಷ ತಡೆಯಲಾಗಲಿಲ್ಲ. ಅವತ್ತು ಅವಳಿಗೆ ನನ್ನ ಡಬ್ಬಿಯ ಊಟ ಕೊಟ್ಟೆ.

ಅದನ್ನು ಮನೆಯಲ್ಲಿ ಹೇಳಿದಳಂತೆ. ಮಾವ ಸಿಟ್ಟು ಮಾಡಲಿಲ್ಲವಂತೆ, ತಟ್ಟೆಯ ಮೇಲೆ ಕಣ್ಣಿಟ್ಟು ಉಣ್ಣುತ್ತಾ, ಪರೀಕ್ಷೆಯಲ್ಲಿ ಎಪ್ಪತ್ತಾರೇ ಬರಿ, ಪಾಸಾಗಿ ಹೋದಮೇಲೆ ಏನು ಬೇಕಾದರೂ ಬರ್ಕೋ ಎಂದರಂತೆ. ನಾನೂ, ಸೀಟು ಮುಖ್ಯ, ಈ ಒಂದು ದಿನ ಅವರ ಹಾಳು ಎಪ್ಪತ್ತಾರನ್ನೇ ಬರೆದು ತೊಲಗು ಎಂದೆ. ಅವಳು ಕೇಳಲಿಲ್ಲ.

“ಮಾವ ಯಾವತ್ತೂ ಆ ಬಟ್ಟೆ ಎತ್ತಿ ನೋಡಿಲ್ಲ ಮೇಡಂ. ಒಂದ್ಸಲ ನೋಡಿದ್ರೆ ಅವರಿಗೇ ಗೊತ್ತಾಗುತ್ತೆ,” ಎಂದಳು.

ಪರೀಕ್ಷೆಯ ದಿನ ಕೆಳಗಿನಿಂದ ಎಕ್ಸ್‌ಟರ್ನಲ್ ಪರೀಕ್ಷಕರು ಬಂದರು. ದಪ್ಪ ಕುತ್ತಿಗೆಯ, ಕೂತಲ್ಲಿಂದ ಏಳಲು ಮನಸ್ಸಿಲ್ಲದ ಮನುಷ್ಯ. ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು. ಮೇಲ್ವಿಚಾರಣೆಗೆ ಜನ ಸಾಲದೆ ನನ್ನನ್ನೂ ಆ ಲ್ಯಾಬಿಗೆ ಹಾಕಿದ್ದರು. ಚೀಟಿ ಎತ್ತಿದಾಗ ಹುಡುಗಿಗೆ ಬಾಯ್ಲ್ ನಿಯಮವೇ ಬಂತು. ಪ್ರಯೋಗವನ್ನು ನೀಟಾಗಿ ಮಾಡಿದಳು. ಗವಸು ಎತ್ತಿ ಬ್ಯಾರೋಮೀಟರ್ ನೋಡಿ, ಮತ್ತೆ ಗವಸು ಹಾಕಿ, ಅರವತ್ತೆಂಟು ಎಂದು ಬರೆದಳು. ಉತ್ತರ ಗೆರೆ ಎಳೆದಂತೆ ಒಂದೇ ಬಂತು.

ಎಕ್ಸ್‌ಟರ್ನಲ್ ಹಾಳೆಯ ಮೇಲೆ ಪೆನ್ನು ಓಡಿಸುತ್ತಾ ನಿಂತುಬಿಟ್ಟರು. ಈ ಅರವತ್ತೆಂಟು ಎಲ್ಲಿಂದ ಬಂತು ಎಂದು ಕೇಳಿದರು. ಬ್ಯಾರೋಮೀಟರ್ ನೋಡಿ ಬರೆದೆ, ಬೇಕಾದರೆ ನೀವೇ ನೋಡಿ ಎಂದಳು. ಅವರು ನಕ್ಕರು. ಉತ್ತರ ಸರಿಹೋಗಲೆಂದು ಒತ್ತಡವನ್ನೇ ತಿದ್ದಿದ್ದೀಯ, ಇದು ಕುಕ್ ಮಾಡಿದ ರೀಡಿಂಗ್ ಎಂದರು. ಆ ಕೋಣೆಯಲ್ಲಿ ಕುಕ್ ಮಾಡದವಳು ಅವಳೊಬ್ಬಳೇ. ಉಳಿದವರೆಲ್ಲರ ಹಾಳೆಗೆ ಅದೇ ಕೆಂಪು ಪೆನ್ನಿನಿಂದ ಸರಿ ಗುರುತು ಬಿದ್ದಾಗಿತ್ತು. ನನಗೆ ಮೈ ಉರಿದು, ಸರ್, ಒಂದು ಸಲ ಎದ್ದು ಬಂದು ನೋಡಿಬಿಡಿ ಎಂದೆ. ನೀವು ಯಾವ ವಿಭಾಗ ಎಂದು ಕೇಳಿದರು. ರಸಾಯನಶಾಸ್ತ್ರ ಎಂದೆ. ಹಾಗಾದರೆ ನೀವು ಕೂತ್ಕೊಳ್ಳಿ ಎಂದು ಮೇಷ್ಟ್ರ ಕಡೆ ತಿರುಗಿದರು.

“ನೀವು ಹೇಳಿ ಸರ್. ನಿಮ್ಮ ಬ್ಯಾರೋಮೀಟರ್ ಸರಿಯಾಗಿದೆಯಾ?”

ಗವಸು ಮೇಷ್ಟ್ರ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಹುಡುಗಿ ಅವರನ್ನೇ ನೋಡುತ್ತಿದ್ದಳು, ಹೆದರಿಕೆಯಿಂದಲ್ಲ, ಇನ್ನೇನು ಎತ್ತುತ್ತಾರೆ ಎಂಬ ನಂಬಿಕೆಯಿಂದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಕೆಟ್ಟಿದೆ ಸರ್. ಎಷ್ಟೋ ವರ್ಷ ಆಯ್ತು. ಹುಡುಗಿ ನನ್ನ ತಂಗಿ ಮಗಳೇ, ಮನೇಲೂ ಹೇಳಿದ್ದೆ, ಕೇಳಲಿಲ್ಲ. ನಮ್ಮವಳು ಅಂತ ನೀವೇನೂ ನೋಡ್ಬೇಡಿ.”

ಎಕ್ಸ್‌ಟರ್ನಲ್ ಎದ್ದರು. ಬ್ಯಾರೋಮೀಟರ್ ನೋಡಲು ಏಳದವರು ಮೇಷ್ಟ್ರ ಕೈ ಕುಲುಕಲು ಎದ್ದರು. ಸ್ವಂತ ತಂಗಿಯ ಮಗಳು ಎಂದೂ ನೋಡದ ಇಂಥ ನಿಷ್ಠೆ ಈಗಿನ ಕಾಲದಲ್ಲಿ ಎಲ್ಲಿದೆ ಎಂದು ಹೊಗಳಿ, ಕೂತು, ಫೇಲಿನ ಅಂಕ ಹಾಕಿದರು. ಹುಡುಗಿ ಪೆನ್ನಿನ ಮುಚ್ಚಳ ಹಾಕಿಕೊಂಡು ಹೊರಗೆ ಹೋದಳು. ನಾನು ಪ್ರಿನ್ಸಿಪಾಲರ ಹತ್ತಿರ ಓಡಿದೆ. ಅಂಕದ ಲಕೋಟೆಗೆ ಸೀಲು ಬಿದ್ದಾಯ್ತು, ಬೇರೆ ವಿಭಾಗದ ವಿಷಯಕ್ಕೆ ತಲೆ ಹಾಕಬೇಡಿ ಎಂದರು.

ವಾಪಸು ಬಂದಾಗ ಲ್ಯಾಬು ಖಾಲಿಯಾಗಿತ್ತು. ಮೇಷ್ಟ್ರು ಮೇಜಿನ ಮೇಲೆ ಉರುಳಿದ ಪಾದರಸದ ಗುಂಡುಗಳನ್ನು ಕಾಗದದ ತುಂಡಿನಿಂದ ಗುಡಿಸಿ ಸೀಸೆಗೆ ಹಾಕುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ಆ ಬಟ್ಟೆ ಒಂದು ಸಲ ಎತ್ತಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯನಿಗೆ ಒಂದು ಉಪಕರಣ ನೋಡಿ ತಿಳಿದುಕೊಳ್ಳುವ ಯೋಗ್ಯತೆಯೂ ಇಲ್ಲವೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ಎತ್ತಲಿಲ್ಲ.

“ಎತ್ತಿ ನೋಡೋದೇನಿದೆ ಮೇಡಂ. ಅದು ಸರಿಯಾಗೇ ಇದೆ. ಬಂದ ದಿನಾನೇ ಗೊತ್ತಿತ್ತು ನಂಗೆ.”

ಅವರು ಸೀಸೆಗೆ ಬಿರಡೆ ಹಾಕುತ್ತಾ, ಯಾವುದೋ ಹಳೇ ನೆಂಟನ ಸುದ್ದಿ ಹೇಳುವ ಧ್ವನಿಯಲ್ಲಿ ಹೇಳಿದರು. ಆಗ ಅವರದು ಇನ್ನೂ ತಾತ್ಕಾಲಿಕ ಕೆಲಸ. ಆ ವರ್ಷದ ಹಾಳೆಗಳೆಲ್ಲ ಎಪ್ಪತ್ತಾರು ಹಾಕಿಕೊಂಡೇ ಕೆಳಗೆ ಹೋಗಿದ್ದವು. ಆಗಿನ ಮುಖ್ಯಸ್ಥರು ಬ್ಯಾರೋಮೀಟರನ್ನು ಒಂದು ಸಲ ನೋಡಿ, ಇದು ಕೆಟ್ಟಿದೆ ಅಲ್ಲವೇನ್ರೀ ಎಂದು ಇವರ ಮುಖ ನೋಡಿದರು. ಇವರು ಹೌದು ಎಂದರು. ಮುಂದಿನ ತಿಂಗಳು ಕೆಲಸ ಖಾಯಂ ಆಯಿತು. ಅರವತ್ತೆಂಟರಿಂದ ಊರಿನ ಎತ್ತರ ಎಷ್ಟೆಂದು ಕೂಡ ಅವತ್ತೇ ಲೆಕ್ಕ ಹಾಕಿ ನೋಡಿದ್ದರಂತೆ, ಸರಿಯಾಗಿ ಬಂದಿತ್ತಂತೆ. ಆಮೇಲೆ ಒಂದೊಂದು ವರ್ಷವೂ ಒಂದೊಂದು ಕಟ್ಟು ಹಾಳೆ ಕೆಳಗೆ ಹೋಯಿತು. ಯಾವ ವರ್ಷ ನಿಲ್ಲಿಸಬೇಕಿತ್ತು ನೀವೇ ಹೇಳಿ ಎಂದು ನನ್ನನ್ನೇ ಕೇಳಿದರು.

ಹಾಗಾದರೆ ಬಿಸ್ಕತ್ತಿನ ಪೊಟ್ಟಣದ ಜಗಳ ಎಂದೆ. ಅವರು ಒಂಥರಾ ನಕ್ಕರು. ಹುಡುಗರು ಪಕ್ಕದಲ್ಲೇ ನಿಂತಿದ್ದರಲ್ಲ, ಪೊಟ್ಟಣ ಊದಿದ್ದಕ್ಕೆ ಕಾರಣ ಗೊತ್ತು ಎಂದರೆ ಮುಂದಿನ ಪ್ರಶ್ನೆ ಬ್ಯಾರೋಮೀಟರಿನದೇ ಬರುತ್ತಿತ್ತು ಎಂದರು. ಒಂದು ಹೌದು ಎಂಬ ಮಾತನ್ನು ಕಾಪಾಡುವುದಕ್ಕೆ ಈ ಮನುಷ್ಯ ಅಂಗಡಿಯವನ ಮುಂದೆ, ಹುಡುಗರ ಮುಂದೆ, ನನ್ನ ಮುಂದೆ ಇಷ್ಟು ವರ್ಷ ದಡ್ಡನ ವೇಷ ಹಾಕಿಕೊಂಡು ಓಡಾಡಿದ್ದರು. ನಾನು ಅವರನ್ನು ದಡ್ಡರೆಂದು ತಾತ್ಸಾರ ಮಾಡಿದ್ದೆಲ್ಲ ಅವರಿಗೆ ಮಾಡಿದ ಉಪಕಾರವಾಗಿತ್ತು. ಅದು ತಿಳಿದಾಗ ನನಗಾದ ಅಸಹ್ಯ ಅಷ್ಟಿಷ್ಟಲ್ಲ. ಒಳ್ಳೆಯ ತಲೆಯಿದ್ದ ಮನುಷ್ಯ ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಕೊನೆಗೆ ತಂಗಿಯ ಮಗಳ ಬದುಕನ್ನೂ ಅದೇ ಬಟ್ಟೆಯೊಳಗೆ ತುರುಕಿದ್ದ.

ನಾನು ಹೊರಟಾಗ ಹಿಂದಿನಿಂದ ಕರೆದರು. ಅವಳಿಗೆ ಇದನ್ನು ಹೇಳಬೇಡಿ, ಮಾವನಿಗೆ ಗೊತ್ತಿರಲಿಲ್ಲ ಅಂದುಕೊಂಡಿರಲಿ ಎಂದು ಬೇಡಿಕೊಂಡರು. ನಾನು ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಹೌದು ಎನ್ನುವುದು ಅವರ ಕಸುಬು.

ಫಲಿತಾಂಶ ಬಂತು, ಸೀಟು ಹೋಯಿತು. ಊರಲ್ಲಿ ಮಾತ್ರ ಮೇಷ್ಟ್ರ ಕೀರ್ತಿ ಹಬ್ಬಿತು. ಸ್ವಂತ ಸೋದರ ಸೊಸೆಯನ್ನೇ ಫೇಲು ಮಾಡಿಸಿದ ನ್ಯಾಯವಂತ ಎಂದು ಸ್ಟಾಫ್ ರೂಮಿನಲ್ಲಿ ಬೆನ್ನು ತಟ್ಟಿದರು, ಕ್ಷೌರದಂಗಡಿಯಲ್ಲಿ ಸರದಿ ಬಿಟ್ಟುಕೊಟ್ಟರು. ಮೇಷ್ಟ್ರು ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಸ್ವೀಕರಿಸಿದರು. ಅದನ್ನು ಜನ ವಿನಯ ಎಂದುಕೊಂಡರು.

ಒಂದು ಮಧ್ಯಾಹ್ನ ಹುಡುಗಿ ನನ್ನ ಲ್ಯಾಬಿಗೆ ಬಂದಳು. ಕೈಯಲ್ಲಿ ತರಕಾರಿ ಚೀಲವಿತ್ತು. ನಾನು ಕುರ್ಚಿ ತೋರಿಸಿದೆ. ಇನ್ನೊಂದು ವರ್ಷ ಇಲ್ಲೇ ಇರುವುದು ಎಂದು ಮನೆಯಲ್ಲಿ ತೀರ್ಮಾನವಾಗಿದೆ ಎಂದಳು. ಮಾವ ತಾವೇ ಪಕ್ಕದಲ್ಲಿ ಕೂರಿಸಿಕೊಂಡು ಪ್ರಯೋಗ ಹೇಳಿಕೊಡುತ್ತಾರಂತೆ, ಅತ್ತೆ ಹೊಸ ಚಾಪೆ ತರಿಸಿದ್ದಾಳಂತೆ. ಹೇಳುತ್ತಾ ಹೇಳುತ್ತಾ ಚೀಲದ ಹಿಡಿಯನ್ನು ತಿರುಚುತ್ತಿದ್ದಳು. ಅವಳಿಗೆ ಮಾವನ ಮೇಲೆ ಸಿಟ್ಟಿರಲಿಲ್ಲ. ಪಾಪ, ಅವರಿಗೆ ಕಲಿಸಿದವರೂ ಹಾಗೇ ಕಲಿಸಿರಬೇಕು ಎಂದಳು. ಎದ್ದು ಹೊರಡುವವಳು ಬಾಗಿಲ ಹತ್ತಿರ ನಿಂತು ಕೇಳಿದಳು.

“ಮಾವಂಗೆ ಗೊತ್ತಿರಲಿಲ್ಲ ಅಲ್ವಾ ಮೇಡಂ?”

ಆಚೆ ಲ್ಯಾಬಿನಲ್ಲಿ ಮೇಷ್ಟ್ರು ಹೊಸ ತರಗತಿಗೆ ಅಲ್ಪವಿರಾಮ ಬರೆಸುತ್ತಿದ್ದರು. ಇಲ್ಲ ಎಂದಿದ್ದರೆ ಅವಳಿಗೆ ಆ ಮನೆಯಲ್ಲಿ ಒಂದು ವರ್ಷ ಕಳೆಯುವುದು ಸುಲಭವಾಗುತ್ತಿತ್ತು. ಅದು ನನಗೂ ಗೊತ್ತಿತ್ತು.

“ಗೊತ್ತಿತ್ತು. ಆ ಬ್ಯಾರೋಮೀಟರ್ ಬಂದ ದಿನದಿಂದ ಗೊತ್ತಿತ್ತು,” ಎಂದೆ.

ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಆಚೆಯಿಂದ ಬರುತ್ತಿದ್ದ ಧ್ವನಿಯನ್ನು ಕೇಳುತ್ತಾ ನಿಂತಳು. ಆಮೇಲೆ ತರಕಾರಿ ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟಳು.

“ದಡ್ಡರಾಗಿದ್ರೆ ಇನ್ನೊಂದು ವರ್ಷ ಅಡುಗೆ ಮಾಡಿ ಹಾಕ್ತಿದ್ದೆ ಮೇಡಂ. ಇದನ್ನ ಅವರಿಗೆ ಕೊಟ್ಬಿಡಿ,” ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆದಳು.